ಮದುವೆಯ ಕುಣಿತ

ರಾಜಾಜಿನಗರ, ವಿಜಯನಗರಗಳ ಕಲ್ಯಾಣಮಂಟಪಗಳಲ್ಲಿ ಈಗ ಆರತಕ್ಷತೆಯ ವೇಳೆ ವಧೂವರರು ಜೊತೆಯಾಗಿ ಕುಣಿಯುವುದುಂಟು. ಹಿರಿಯರು ಇದನ್ನು ಪರರ ಅನುಕರಣೆಯೆಂದು ಹಳಿಯುತ್ತಾರೆ. ಆದರೆ ನಮ್ಮ ಕೊಡಗಿನ ಮದುವೆಗಳಲ್ಲಿ ವಾಲಗದ ಗತಿಗೆ ಹೆಂಗಸರು ಗಂಡಸರೆನ್ನದೆ ನೆಂಟರಿಷ್ಟರೆಲ್ಲರೂ ಕುಣಿಯುತ್ತಾರಲ್ಲವೇ? ಕುಣಿತ ತಪ್ಪಲ್ಲ, ಅದಕ್ಕಾಗಿ ಮಾಡುವ ಸಾಲ ತಪ್ಪು.

ನಮ್ಮಕ್ಕನ ಮದುವೆ ನಿಶ್ಚಯವಾದಾಗ ನೃತ್ಯ ಕಲಿಸುವವರೊಬ್ಬರು ಕೇಳಿದ ಹಣ ನನ್ನ ತಂದೆಯವರ ಒಂದು ತಿಂಗಳ ದುಡಿಮೆಗೆ ಸಮನಾಗಿತ್ತು. ಅಕ್ಕ, ಭಾವ ನಮ್ಮ ಮನೆಯ ತಾರಸಿಯ ಮೇಲೆ ತಾವೇ ಅಭ್ಯಾಸ ಮಾಡಿದರು. ಒಬ್ಬರ ಹೆಜ್ಜೆ ತಪ್ಪಿದರೆ ಇನ್ನೊಬ್ಬರು ನಿಂತು ಕಾಯುವುದನ್ನು ಕಲಿತರು. ಹೆಣ್ಣು ನೋಡುವ ಶಾಸ್ತ್ರದ ದಿನ ನಾಲ್ಕೇ ಮಾತಾಡಿದ್ದವರಿಗೆ ನಿಜವಾದ ಪರಿಚಯವಾದದ್ದು ಅಲ್ಲಿ. ಸಭೆಯ ಚಪ್ಪಾಳೆಗಿಂತ ಆ ಅಭ್ಯಾಸವೇ ಹೆಚ್ಚಿನದೆಂದು ನನ್ನ ಮತ.

ಆದುದರಿಂದ ಸಹಪಾಠಿ ಮಿತ್ರರೇ, ಧಾರಾಳವಾಗಿ ಕುಣಿಯಿರಿ. ಅಪ್ಪನ ಸಾಲದ ಮೇಲೆ ಮಾತ್ರ ಕುಣಿಯಬೇಡಿ.