ಮಟ್ಟಾಂಚೇರಿಯಿಂದ ಮಂಜೇಶ್ವರದವರೆಗೆ: ಯುವ ನಾಯಕತ್ವ ಮತ್ತು ನುಡಿಯ ಹೊಣೆ

'ಯುವಜನರೇ ನಾಡಿನ ಭವಿಷ್ಯ' ಎಂಬ ಮಾತನ್ನು ಕೇಳದ ಸಮಾರಂಭವಿಲ್ಲ. ಸ್ವಾಗತ ಭಾಷಣದಲ್ಲಿ ಮೊದಲ್ಗೊಂಡು ವಂದನಾರ್ಪಣೆಯವರೆಗೆ ಬಳಸಿ ಬಳಸಿ ಆ ಮಾತು ಸವೆದು ಹೋಗಿದೆ. ಯುವಕರು ಮುಂದಾಳುಗಳಾಗಬೇಕು, ಸಮಾಜವನ್ನೂ ಆರ್ಥಿಕ ಬದುಕನ್ನೂ ಬದಲಿಸಬೇಕು ಎಂದು ಹಾರೈಸುವುದು ಸುಲಭ. ಆದರೆ ಅವರು ಯಾವ ಅಧಿಕಾರದಿಂದ, ಯಾವ ಸಂಪನ್ಮೂಲದಿಂದ, ಮುಖ್ಯವಾಗಿ ಯಾವ ಭಾಷೆಯಲ್ಲಿ ಆ ಕೆಲಸವನ್ನು ಮಾಡಬೇಕೆಂಬ ಪ್ರಶ್ನೆಯನ್ನು ನಾವು ಎತ್ತಿಕೊಂಡದ್ದು ಕಡಿಮೆ. ಕನ್ನಡ ವಿಭಾಗವೊಂದರ ಸಂಸ್ಮರಣ ಸಂಪುಟದಲ್ಲಿ ಈ ಮೂರನೆಯ ಪ್ರಶ್ನೆಯನ್ನು ಚರ್ಚಿಸುವುದು ಉಚಿತವೆಂದು ನಾನು ಭಾವಿಸಿದ್ದೇನೆ. ನಾಯಕತ್ವವೆಂಬುದು ಶಿಬಿರಗಳಲ್ಲಿ ಹಂಚುವ ಪ್ರಮಾಣಪತ್ರವಲ್ಲ. ಹೊಣೆಯನ್ನು ಹೊತ್ತು, ಲೆಕ್ಕವನ್ನು ಒಪ್ಪಿಸಿ, ಜನರಿಗೆ ಉತ್ತರ ಹೇಳುವ ಅಭ್ಯಾಸದಿಂದ ಅದು ಮೂಡುತ್ತದೆ. ಆ ಅಭ್ಯಾಸಕ್ಕೆ ನುಡಿಯೇ ಸಾಧನ. ಗಡಿಯಾಚೆಯ ಕನ್ನಡಿಗ ತರುಣರ ಕೈಯಲ್ಲಿ ಈ ಸಾಧನವೇ ಮೊಂಡಾಗುತ್ತಿದೆ ಎಂಬುದು ನನ್ನ ಆತಂಕ.

ಈ ವಿಚಾರವನ್ನು ಕೇರಳದ ನೆಲದಿಂದಲೇ ಆರಂಭಿಸುವುದು ಸೂಕ್ತ. ಕೊಚ್ಚಿಯ ಮಟ್ಟಾಂಚೇರಿ ನಮ್ಮಲ್ಲಿ ಅನೇಕರಿಗೆ ಅರಮನೆಯ ಭಿತ್ತಿಚಿತ್ರಗಳ, ಯಹೂದಿ ಬೀದಿಯ, ಮೆಣಸಿನ ಮಳಿಗೆಗಳ ಊರಾಗಿ ಮಾತ್ರ ಪರಿಚಿತ. ಅದಕ್ಕೆ ಇನ್ನೊಂದು ಚರಿತ್ರೆಯೂ ಉಂಟು. ಕೊಚ್ಚಿ ಬಂದರಿನಲ್ಲಿ 'ಚಾಪ್ಪ' ಎಂಬ ಪದ್ಧತಿಯೊಂದು ರೂಢಿಯಲ್ಲಿತ್ತು. ಕೆಲಸಕ್ಕಾಗಿ ಕಾದು ನಿಂತ ಕೂಲಿಕಾರರ ಗುಂಪಿನತ್ತ ಮೇಸ್ತ್ರಿಗಳು ಲೋಹದ ಬಿಲ್ಲೆಗಳನ್ನು ಎಸೆಯುತ್ತಿದ್ದರು. ಮುಗಿಬಿದ್ದು ಅದನ್ನು ಹಿಡಿದವನಿಗೆ ಅಂದಿನ ಅನ್ನ. ಹಿಡಿಯಲಾಗದವನು ಬರಿಗೈಯಲ್ಲಿ ಮನೆಗೆ. ಇದರ ವಿರುದ್ಧ ಎದ್ದ ಹೋರಾಟದಲ್ಲಿ 1953ರ ಸೆಪ್ಟೆಂಬರ್ 15ರಂದು ಮಟ್ಟಾಂಚೇರಿಯಲ್ಲಿ ಗೋಲಿಬಾರ್ ನಡೆಯಿತು. ಸೈದ್ ಮತ್ತು ಸೈದಲವಿ ಗುಂಡಿಗೆ ಬಲಿಯಾದರು. ಪೊಲೀಸರ ಹಿಂಸೆಯಿಂದ ಜರ್ಜರಿತನಾದ ಆಂಟನಿ ಅನಂತರ ಅಸುನೀಗಿದ. ಕೆ. ಎಂ. ಚಿದಂಬರನ್ ಅವರ 'ತುರಮುಖಂ' ನಾಟಕ ಈ ನೆನಪನ್ನು ಉಳಿಸಿತು. ಅದನ್ನು ಆಧರಿಸಿ ರಾಜೀವ್ ರವಿಯವರು ನಿರ್ದೇಶಿಸಿದ ಚಲನಚಿತ್ರ 2023ರಲ್ಲಿ ಬೆಳಕು ಕಂಡಿತು.

ಈ ಘಟನೆಯಲ್ಲಿ ನಮ್ಮ ಚರ್ಚೆಗೆ ಸಲ್ಲುವ ಅಂಶವೊಂದಿದೆ. ಆ ಕಾರ್ಮಿಕರು ಹೆಚ್ಚು ಬಿಲ್ಲೆಗಳನ್ನು ಎಸೆಯಿರೆಂದು ಕೇಳಲಿಲ್ಲ. ಎಸೆಯುವ ಪದ್ಧತಿಯೇ ಹೋಗಬೇಕೆಂದು ಕೇಳಿದರು. ದಯೆಯನ್ನು ಬೇಡುವುದಕ್ಕೂ ನಿಯಮವನ್ನು ಕೇಳುವುದಕ್ಕೂ ಇರುವ ಅಂತರವೇ ಅನುಯಾಯಿತನಕ್ಕೂ ನಾಯಕತ್ವಕ್ಕೂ ಇರುವ ಅಂತರ. ಇಂದು ಯುವಜನರ ಹೆಸರಿನಲ್ಲಿ ಪ್ರಕಟವಾಗುವ ಅನೇಕ ಯೋಜನೆಗಳು, ರೂಪವನ್ನು ಬದಲಿಸಿಕೊಂಡ ಬಿಲ್ಲೆಗಳೇ ಆಗಿವೆ. ಯಾರ ಕೈಗೆ ಸಿಕ್ಕಿತೋ ಅವರಿಗೆ ಎಂಬ ನ್ಯಾಯದಲ್ಲಿ ಅವು ಹಂಚಿಕೆಯಾಗುತ್ತವೆ. ಅವುಗಳಿಂದ ಫಲಾನುಭವಿಗಳು ಹುಟ್ಟಬಹುದು, ನಾಯಕರು ಹುಟ್ಟಲಾರರು.

ಅದೇ ಮಟ್ಟಾಂಚೇರಿಯ ಚೆರ್ಲಾಯಿಯಲ್ಲಿ ತಿರುಮಲ ದೇವಾಲಯದ ಸುತ್ತ ಕೊಂಕಣಿ ಮಾತನಾಡುವ ಗೌಡ ಸಾರಸ್ವತರ ನೆಲೆಯಿದೆ. ಸುತ್ತಲೂ ಮಲಯಾಳ; ಮನೆಯೊಳಗೆ ಕೊಂಕಣಿ. ಇಂಥ ಸಣ್ಣ ಸಮುದಾಯದ ನುಡಿಗಾಗಿ 1966ರಲ್ಲಿ ಕೊಚ್ಚಿಯಲ್ಲಿ ಕೊಂಕಣಿ ಭಾಷಾ ಪ್ರಚಾರ ಸಭಾ ಸ್ಥಾಪನೆಯಾಯಿತು. ಅದನ್ನು ಕಟ್ಟಿದ ಎನ್. ಪುರುಷೋತ್ತಮ ಮಲ್ಯರಿಗೆ ಆಗಿನ್ನೂ ನಲವತ್ತು ತುಂಬಿರಲಿಲ್ಲ. ಕೊಂಕಣಿಯು ಸ್ವತಂತ್ರ ಸಾಹಿತ್ಯ ಭಾಷೆಯೆಂದು ಸಾಹಿತ್ಯ ಅಕಾಡೆಮಿ 1975ರಲ್ಲಿ ಮನ್ನಿಸಿತು. 1992ರಲ್ಲಿ ಅದು ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿತು. ಗೋವೆಯಲ್ಲಿಯೂ ಕರಾವಳಿಯ ಉದ್ದಕ್ಕೂ ನಡೆದ ಅನೇಕರ ದುಡಿಮೆ ಇದರ ಹಿಂದಿದೆಯಾದರೂ, ಕೊಚ್ಚಿಯ ಪಾಲು ಕಿರಿದಲ್ಲ. ಸಂಖ್ಯೆಯಲ್ಲಿ ಚಿಕ್ಕದಾದ ಸಮುದಾಯಕ್ಕೆ ಅಳಲು ಸಾಲದು, ಸಂಸ್ಥೆ ಬೇಕು. ಅಭಿಮಾನ ಸಾಲದು, ಮನವಿಪತ್ರ ಬರೆಯಬಲ್ಲ ಕೈ ಬೇಕು ಎಂಬ ಪಾಠ ಇಲ್ಲಿದೆ.

ಇನ್ನು ರಾಜಧಾನಿ ತಿರುವನಂತಪುರದತ್ತ ನೋಡೋಣ. 2020ರ ಡಿಸೆಂಬರಿನಲ್ಲಿ ಅಲ್ಲಿನ ನಗರಪಾಲಿಕೆಗೆ ಆರ್ಯಾ ರಾಜೇಂದ್ರನ್ ಮೇಯರ್ ಆಗಿ ಆಯ್ಕೆಯಾದಾಗ ಅವರ ವಯಸ್ಸು 21. ಇನ್ನೂ ಪದವಿ ತರಗತಿಯ ವಿದ್ಯಾರ್ಥಿನಿ. ಪತ್ರಿಕೆಗಳೆಲ್ಲ ವಯಸ್ಸನ್ನೇ ಬೆರಗಿನಿಂದ ಬರೆದವು. ಆದರೆ ವಯಸ್ಸಿಗೆ ತಾನಾಗಿಯೇ ಯಾವ ಗುಣವೂ ಬರುವುದಿಲ್ಲ. ಆ ಆಯ್ಕೆಯನ್ನು ಸಾಧ್ಯಗೊಳಿಸಿದ ವ್ಯವಸ್ಥೆಯ ಕಡೆಗೆ ನಮ್ಮ ಗಮನ ಹರಿಯಬೇಕು. ಶಾಸನಸಭೆಗೆ ಸ್ಪರ್ಧಿಸಲು 25 ವರ್ಷ ತುಂಬಬೇಕೆಂದು ವಿಧಿಸಿದ ನಮ್ಮ ಸಂವಿಧಾನ, 73 ಮತ್ತು 74ನೆಯ ತಿದ್ದುಪಡಿಗಳ ಮೂಲಕ ಪಂಚಾಯತಿಗೂ ನಗರಸಭೆಗೂ 21 ವರ್ಷ ಸಾಕೆಂದಿತು. 1993ರಲ್ಲಿ ಜಾರಿಗೆ ಬಂದ ಈ ತಿದ್ದುಪಡಿಗಳು ತೆರೆದ ಬಾಗಿಲಿಗೆ ಕೇರಳ 1996ರಲ್ಲಿ ಜನಕೀಯ ಯೋಜನೆಯ ಮೂಲಕ ಹಣವನ್ನೂ ಜೋಡಿಸಿತು. ರಾಜ್ಯದ ಯೋಜನಾ ವೆಚ್ಚದ ಶೇ. 35ರಿಂದ 40ರಷ್ಟು ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸುವ ತೀರ್ಮಾನವದು. 1998ರಲ್ಲಿ ಆರಂಭವಾದ ಕುಟುಂಬಶ್ರೀ ಹೆಣ್ಣುಮಕ್ಕಳ ಕೈಗೆ ಉಳಿತಾಯದ ಪುಸ್ತಕವನ್ನೂ ಸಭೆಯ ನಡಾವಳಿಯನ್ನೂ ಕೊಟ್ಟಿತು. ಆರ್ಯಾ ಅವರೂ ಮೇಯರ್ ಆಗುವ ಮೊದಲು 'ಬಾಲಸಂಘಂ' ಎಂಬ ಮಕ್ಕಳ ಸಂಘಟನೆಯ ರಾಜ್ಯಾಧ್ಯಕ್ಷೆಯಾಗಿದ್ದವರು. ಅವರ ಪಕ್ಷ, ಆಡಳಿತದ ಗುಣದೋಷ ಇಲ್ಲಿ ಪ್ರಸ್ತುತವಲ್ಲ. ಸಭೆ ನಡೆಸುವುದನ್ನು, ಠರಾವು ಬರೆಯುವುದನ್ನು, ಭಿನ್ನಾಭಿಪ್ರಾಯವನ್ನು ಸಹಿಸುವುದನ್ನು ಬಾಲ್ಯದಿಂದಲೇ ಕಲಿಸುವ ಏರ್ಪಾಡು ಅಲ್ಲಿತ್ತು ಎಂಬುದಷ್ಟೇ ಪ್ರಸ್ತುತ. ಇದೆಲ್ಲವೂ ನಡೆದದ್ದು ಅವರ ಮನೆಮಾತಿನಲ್ಲಿ, ಮಲಯಾಳದಲ್ಲಿ, ಎಂಬುದನ್ನು ನಾವು ಮರೆಯಬಾರದು.

ತಿರುವನಂತಪುರದಿಂದ 500 ಕಿ.ಮೀ.ಗೂ ಹೆಚ್ಚು ದೂರದಲ್ಲಿ, ಅದೇ ರಾಜ್ಯದ ಉತ್ತರದ ತುದಿಯಲ್ಲಿ, ಮಂಜೇಶ್ವರವಿದೆ. ಅಲ್ಲಿಯ ತರುಣ ತರುಣಿಯರಿಗೂ ಅದೇ ಪಂಚಾಯತ್ ಕಾಯಿದೆ, ಅದೇ ಅನುದಾನ, ಅದೇ 21 ವರ್ಷದ ಹಕ್ಕು. ಆದರೆ ಗ್ರಾಮಸಭೆಯ ಕಡತ ಬಂದಾಗ ಕನ್ನಡದಲ್ಲಿ ಓದಿದವರು ಅಕ್ಕಪಕ್ಕದವರ ಮುಖ ನೋಡಬೇಕಾಗುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಕಥೆಯನ್ನೂ, 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಾಡಿದ ಶಿಫಾರಸು ಕಾಗದದಲ್ಲಿಯೇ ಉಳಿದ ಕಥೆಯನ್ನೂ ಈ ಸಂಪುಟದ ಓದುಗರಿಗೆ ಮತ್ತೆ ಹೇಳಬೇಕಾಗಿಲ್ಲ. 1957ರ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಕೇರಳ ವಿಧಾನಸಭೆಗೆ ಆಯ್ಕೆಯಾದರು. ಆ ತಲೆಮಾರಿನ ನಾಯಕತ್ವದ ಶಕ್ತಿಯೆಲ್ಲ ಸಹಜವಾಗಿಯೇ ವಿಲೀನೀಕರಣದ ಬೇಡಿಕೆಗೆ ಸಂದಿತು. ಆ ಬೇಡಿಕೆಯ ನ್ಯಾಯವನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಗಡಿ ಎಲ್ಲಿರಬೇಕೆಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಪಂಚಾಯತಿನ ಕಚೇರಿಯಲ್ಲಿ ಕನ್ನಡ ಹೇಗಿರಬೇಕೆಂಬ ಪ್ರಶ್ನೆ ಕಾಯುತ್ತ ಕುಳಿತುಕೊಳ್ಳಲಾರದು.

2021ರ ಮೇ ತಿಂಗಳಲ್ಲಿ ಮಂಜೇಶ್ವರದ ಶಾಸಕ ಎ. ಕೆ. ಎಂ. ಅಶ್ರಫ್ ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ ಗಡಿಯ ಈಚೆಗೂ ಆಚೆಗೂ ಸಂತಸ ವ್ಯಕ್ತವಾಯಿತು. ಸಂತಸಪಡತಕ್ಕ ಸಂಗತಿಯೇ ಅದು. ಆದರೆ ಪ್ರಮಾಣವಚನ ಒಂದು ದಿನದ್ದು, ಕಡತ ಐದು ವರ್ಷದ್ದು. ಕೇರಳದ 1969ರ ರಾಜಭಾಷಾ ಕಾಯಿದೆ ಮತ್ತು ಅದರ ತಿದ್ದುಪಡಿ, ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ನುಡಿಯಲ್ಲಿಯೇ ಸರಕಾರದೊಡನೆ ಪತ್ರವ್ಯವಹಾರ ಮಾಡಬಹುದೆಂದೂ ಉತ್ತರವೂ ಅದೇ ನುಡಿಯಲ್ಲಿ ದೊರೆಯಬೇಕೆಂದೂ ಹೇಳುತ್ತವೆ. ತನ್ನ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬನಿಗೂ ಕೊಟ್ಟಿದೆ. ಬಳಸದ ಹಕ್ಕು ತುಕ್ಕು ಹಿಡಿಯುತ್ತದೆ. ಕನ್ನಡದಲ್ಲಿ ಅರ್ಜಿ ಬರೆದು, ಕನ್ನಡದಲ್ಲಿ ಉತ್ತರ ಪಡೆದು, ಉತ್ತರ ಬಾರದಿದ್ದರೆ ಮೇಲ್ಮನವಿ ಸಲ್ಲಿಸಬಲ್ಲ ಎಷ್ಟು ಮಂದಿ ಸ್ನಾತಕೋತ್ತರರನ್ನು ನಾವು ತಯಾರಿಸಿದ್ದೇವೆ?

ನುಡಿಗೂ ಸಾಮಾಜಿಕ ಬದಲಾವಣೆಗೂ ಇರುವ ನಂಟು ಕಲ್ಪನೆಯದಲ್ಲ ಎಂಬುದಕ್ಕೆ ಕಾಸರಗೋಡೇ ನಿದರ್ಶನ. ಸರಕಾರಿ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಆಕಾಶದಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಎಣ್ಮಕಜೆಯ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡ ಅಸಹಜತೆಯನ್ನು ಗುರುತಿಸಿದರು. ಅದೇ ನೆಲದ ಕೃಷಿಕ, ಪತ್ರಕರ್ತ ಶ್ರೀ ಪಡ್ರೆ ಅದನ್ನು ಬರಹಕ್ಕೆ ತಂದರು. ಲೀಲಾಕುಮಾರಿ ಅಮ್ಮ ನ್ಯಾಯಾಲಯದ ಮೆಟ್ಟಿಲೇರಿದರು. ಕೊನೆಗೆ ಡಿವೈಎಫ್‌ಐ ಎಂಬ ಯುವಜನ ಸಂಘಟನೆಯ ಅರ್ಜಿಯ ಮೇಲೆ 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಅದರ ತಯಾರಿಕೆ ಮತ್ತು ಬಳಕೆಯನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಆದೇಶಿಸಿತು. ಅಂಗಳದ ಸಂಕಟವೊಂದು ದೆಹಲಿಯ ನ್ಯಾಯಪೀಠವನ್ನು ಮುಟ್ಟಬೇಕಾದರೆ ಅದು ಮನೆಮಾತಿನಿಂದ ಟಿಪ್ಪಣಿಗೆ, ಟಿಪ್ಪಣಿಯಿಂದ ಲೇಖನಕ್ಕೆ, ಲೇಖನದಿಂದ ಅರ್ಜಿಗೆ ಸಾಗಬೇಕಾಯಿತು. ಈ ದಾರಿಯ ಒಂದೊಂದು ಮೆಟ್ಟಿಲೂ ಭಾಷೆಯ ಕೆಲಸವೇ.

ಆರ್ಥಿಕ ಬದುಕಿನಲ್ಲಿಯೂ ಹೀಗೆಯೇ. ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗಾಲಾದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಕ್ಯಾಂಪ್ಕೊ ರೂಪುಗೊಂಡಿತು. ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರನ್ನು ಅದು ಒಂದೇ ಸಹಕಾರಿ ಚಪ್ಪರದಡಿ ತಂದಿತು. ನಕ್ಷೆಯ ಮೇಲಿನ ಗೆರೆಯನ್ನು ಅಳಿಸಲಾಗದವರು ಸಂಸ್ಥೆಯ ಮೂಲಕ ಆ ಗೆರೆಯನ್ನು ದಾಟಿದರು. ಆದರೆ ಉಪವಿಧಿಗಳನ್ನು ಓದಬಲ್ಲ, ವಾರ್ಷಿಕ ವರದಿಯನ್ನು ಪ್ರಶ್ನಿಸಬಲ್ಲ ಸದಸ್ಯರಿಲ್ಲದೆ ಯಾವ ಸಹಕಾರಿ ಸಂಘವೂ ಹೆಚ್ಚು ಕಾಲ ಸಹಕಾರಿಯಾಗಿ ಉಳಿಯದು.

ಇಲ್ಲಿ ಎರಡು ಆಕ್ಷೇಪಗಳು ಏಳಬಹುದು. ಕೇರಳದಲ್ಲಿ ಬಾಳುವವರು ಮಲಯಾಳವನ್ನು ಚೆನ್ನಾಗಿ ಕಲಿತರೆ ತೊಡಕು ತಾನಾಗಿ ಪರಿಹಾರವಾಗುವುದಿಲ್ಲವೇ ಎಂಬುದು ಮೊದಲನೆಯದು. ಮಲಯಾಳವನ್ನು ಕಲಿಯಲೇಬೇಕು, ಏಳು ಭಾಷೆಗಳ ಸಂಗಮವೆನಿಸಿದ ಕಾಸರಗೋಡಿನವರಿಗೆ ಇನ್ನೊಂದು ನುಡಿ ಭಾರವಲ್ಲ. 2017ರ ಕಾಯಿದೆ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸಿದಾಗ ಕಾಸರಗೋಡಿನಲ್ಲಿ ಎದ್ದ ವಿರೋಧ ಆ ನುಡಿಯ ಮೇಲಿನ ದ್ವೇಷದಿಂದ ಹುಟ್ಟಿದ್ದಲ್ಲ, ತಮ್ಮ ನುಡಿಯ ಸ್ಥಾನ ಕುಗ್ಗೀತೆಂಬ ಭಯದಿಂದ ಹುಟ್ಟಿದ್ದು. ಆದರೆ ಓದಿದ ತರುಣನೊಬ್ಬ ಮಲಯಾಳ ಕಲಿತು ಕಚೇರಿಯನ್ನು ಗೆದ್ದರೂ, ಅವನ ಅಜ್ಜಿಗೆ ಪಿಂಚಣಿಯ ನಿಯಮ ಕನ್ನಡದಲ್ಲಿಯೇ ತಿಳಿಯಬೇಕು. ತಾನು ಮಾತ್ರ ದಾಟಿಹೋಗುವವನು ನಾಯಕನಲ್ಲ. ಉಳಿದವರಿಗೆ ಕಾಲುಸಂಕ ಹಾಕುವವನು ನಾಯಕ. ಎರಡೂ ನುಡಿಗಳನ್ನು ಬಲ್ಲವರು ಅನುವಾದಕರಾಗಿ ಊರಿಗೆ ಒದಗಬೇಕು.

ಎರಡನೆಯ ಆಕ್ಷೇಪ ನಮ್ಮವರದೇ: ಸಾಹಿತ್ಯ ವಿಭಾಗವು ಪಂಚಾಯತ್ ತರಬೇತಿ ಕೇಂದ್ರವಾಗಬೇಕೇ? ಇದಕ್ಕೆ ಕನ್ನಡದ ಚರಿತ್ರೆಯೇ ಉತ್ತರ ಹೇಳುತ್ತದೆ. ನಮ್ಮ ಅತಿ ಪ್ರಾಚೀನ ಶಾಸನಗಳಲ್ಲೊಂದಾದ ಹಲ್ಮಿಡಿ ಶಾಸನ ಕಾವ್ಯವಲ್ಲ, ದತ್ತಿಯ ದಾಖಲೆ. ಯಾರಿಗೆ, ಯಾವ ಊರು, ಯಾವ ಕಾರಣಕ್ಕೆ ಎಂದು ಕೆತ್ತಿಡುವ ಹೊಣೆಯೊಂದಿಗೇ ಕನ್ನಡ ಬರಹಕ್ಕೆ ಕಾಲಿಟ್ಟಿತು. ಕೆರೆ, ಗದ್ದೆ, ತೆರಿಗೆ, ಎಲ್ಲೆಗಳನ್ನು ಕುರಿತು ಮಾತನಾಡಿದ ಸಾವಿರಾರು ಶಾಸನಗಳನ್ನು ನಾವು ಛಂದಸ್ಸಿಗಾಗಿಯೂ ಭಾಷಾರೂಪಕ್ಕಾಗಿಯೂ ಓದಿಸುತ್ತೇವೆ, ಒಳ್ಳೆಯದೇ. ಅವು ಊರಿನ ವ್ಯವಹಾರದ ಪತ್ರಗಳೆಂಬುದನ್ನೂ ವಿದ್ಯಾರ್ಥಿಗಳಿಗೆ ತಿಳಿಸಬೇಡವೇ? ಕಯ್ಯಾರ ಕಿಞ್ಞಣ್ಣ ರೈಗಳು ಕವಿಗಳಾಗಿ, ಶಾಲಾ ಅಧ್ಯಾಪಕರಾಗಿ ದುಡಿದಂತೆಯೇ ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿಯೂ ದುಡಿದರು. ಕವಿತೆಯನ್ನೂ ಕಡತವನ್ನೂ ಒಂದೇ ಕೈ ಬರೆಯಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಆದುದರಿಂದ ಕನ್ನಡ ವಿಭಾಗಗಳು, ವಿಶೇಷವಾಗಿ ಗಡಿನಾಡಿನ ವಿಭಾಗಗಳು, ಪರಿಗಣಿಸಬೇಕೆಂದು ಕೆಲವು ಸಲಹೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ. ಸ್ನಾತಕೋತ್ತರ ತರಗತಿಯಲ್ಲಿ ವ್ಯಾವಹಾರಿಕ ಕನ್ನಡವೆಂಬ ಪತ್ರಿಕೆ ಪಾರಿಭಾಷಿಕ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವಲ್ಲಿಗೆ ನಿಲ್ಲಬಾರದು. ವಿದ್ಯಾರ್ಥಿಯು ತನ್ನ ಊರಿನ ಗ್ರಾಮಸಭೆಗೆ ಹೋಗಿ ಕುಳಿತು, ನಡಾವಳಿಯನ್ನು ಕನ್ನಡದಲ್ಲಿ ಬರೆದು ತರಲಿ. ಪಂಚಾಯತಿನ ಆಯವ್ಯಯವನ್ನು ಮಲಯಾಳದಿಂದ ಕನ್ನಡಕ್ಕೆ ತಿರುಗಿಸಲಿ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಬರೆಯುವುದನ್ನು ಕಲಿಯಲಿ. ಪಿಎಚ್.ಡಿ. ಪ್ರಬಂಧಗಳು ವರ್ಷವರ್ಷವೂ ಕಪಾಟು ಸೇರುವಾಗ, ವರ್ಷಕ್ಕೊಂದು ಸರಕಾರಿ ಯೋಜನೆಯ ಕೈಪಿಡಿಯನ್ನು ತಿಳಿಗನ್ನಡಕ್ಕೆ ತಂದು ಊರಿಗೆ ಹಂಚುವುದು ವಿಭಾಗದ ಘನತೆಗೆ ಕುಂದಲ್ಲ. ಇವುಗಳಿಗೆ ದೊಡ್ಡ ಅನುದಾನ ಬೇಡ. ಅಧ್ಯಾಪಕರು ತರಗತಿಯಿಂದ ಹೊರಗೆ ಕಾಲಿಡುವ ಮನಸ್ಸು ಮಾಡಿದರೆ ಸಾಕು.

ಹೀಗೆ ಮಾಡಿದ ಮಾತ್ರಕ್ಕೆ ಗಡಿನಾಡಿನ ತರುಣರು ಊರು ಬಿಟ್ಟು ಹೋಗುವುದು ನಿಲ್ಲಲಾರದು. ಮಂಗಳೂರು, ಬೆಂಗಳೂರು, ಕೊಲ್ಲಿ ನಾಡುಗಳ ಸೆಳೆತ ಅಷ್ಟು ಪ್ರಬಲ. ಆದರೆ ಊರಿನಲ್ಲಿ ಉಳಿಯಬಯಸುವವರಿಗೆ ಉಳಿದು ಮಾಡುವ ಕೆಲಸವೊಂದು ಸಿಗುತ್ತದೆ, ಆ ಕೆಲಸಕ್ಕೆ ಬೇಕಾದ ನುಡಿಯೂ ಸಿಗುತ್ತದೆ. ಕನ್ನಡದ ಅಲ್ಪಸಂಖ್ಯಾತ ತರುಣರಿಂದ ನಾವು ಇಷ್ಟು ಕಾಲ ಕನ್ನಡವನ್ನು ಉಳಿಸಿಕೊಡಿ ಎಂದು ಬೇಡುತ್ತ ಬಂದೆವು. ಅವರ ಬದುಕನ್ನು ನಡೆಸಲು ಕನ್ನಡ ಏನು ಮಾಡಬಲ್ಲುದೆಂದು ಕೇಳಿಕೊಳ್ಳುವ ಕಾಲ ಈಗ ಬಂದಿದೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಬಲ್ಲ ಕನ್ನಡ ಮಾತ್ರ ಮುಂದಿನ ತಲೆಮಾರಿಗೆ ಕವಿತೆಯ ಕನ್ನಡವಾಗಿಯೂ ಉಳಿದೀತು.