ಅರಳುಮರಳಿಗೊಂದು ಧರ್ಮನಿಧಿ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ನನಗೂ ಈಗ ಅರವತ್ತು ತುಂಬಿರುವುದರಿಂದ, ಹಣೆಯ ಮೇಲಿರುವ ಕನ್ನಡಕವನ್ನು ಗೂಡಿನಲ್ಲಿ ಹುಡುಕುವಾಗಲೆಲ್ಲ ಮೊಮ್ಮಗಳು ಈ ಗಾದೆಯನ್ನು ಹೇಳಿ ನಗುತ್ತಾಳೆ. ನಾನೂ ನಗುತ್ತೇನೆ. ಆದರೆ ನಮ್ಮ ಅಣ್ಣನವರ ವಿಷಯದಲ್ಲಿ ಇದೇ ಗಾದೆಯು ಮೂರು ವರ್ಷಗಳ ಕಾಲ ಮನೆಮಂದಿಯ ಕಣ್ಣಿಗೆ ಪರದೆಯಾಗಿದ್ದಿತು. ಜೀವಮಾನವೆಲ್ಲ ಲೆಕ್ಕಪತ್ರಗಳಲ್ಲಿ ಕಳೆದ ಮನುಷ್ಯನು ಹಾಲಿನವನ ಲೆಕ್ಕವನ್ನು ಎರಡೆರಡು ಬಾರಿ ಕೊಟ್ಟಾಗ ‘ವಯಸ್ಸಾಯಿತು’ ಎಂದೆವು. ದೇವಸ್ಥಾನದಿಂದ ಮನೆಗೆ ಬರುವ ದಾರಿ ತಪ್ಪಿದಾಗಲೂ ಹಾಗೆಯೇ ಅಂದೆವು. ಒಂದು ಸಾಯಂಕಾಲ ಅವರು ಕಾಫಿಯ ಲೋಟವನ್ನು ಹಿಡಿದು, ನಲವತ್ತಾರು ವರ್ಷ ತಮ್ಮೊಡನೆ ಬಾಳಿದ ಅತ್ತಿಗೆಯವರನ್ನು ಬಹು ಮರ್ಯಾದೆಯಿಂದ ‘ತಾವು ಯಾರ ಮನೆಯವರಮ್ಮ?’ ಎಂದು ಕೇಳಿದರು. ಆಮೇಲೆ ಯಾರೂ ಆ ಗಾದೆಯನ್ನು ಹೇಳಲಿಲ್ಲ.

ಅಣ್ಣನವರು ತೀರಿಕೊಂಡ ಮೇಲೆ, ಮೊದಲನೆಯ ವರ್ಷಾಬ್ದಿಕದ ಹೊತ್ತಿಗೆ, ಅವರ ಮಗನು ತಂದೆಯ ಹೆಸರಿನಲ್ಲಿ ಏನಾದರೊಂದು ದಾನವನ್ನು ಮಾಡಬೇಕೆಂದು ಹೊರಟನು. ಈ ರೋಗದ ಸಂಶೋಧನೆಯನ್ನು ನಡೆಸುವ ಪಂಡಿತರ ತಂಡಕ್ಕೆ ಹಣವನ್ನು ಕಳುಹಿಸುವುದು ಅವನ ಅಭಿಪ್ರಾಯ. ನಾನು ಒಪ್ಪಲಿಲ್ಲ. ಬದುಕಿರುವ ರೋಗಿಗೆ ಗಂಜಿ ಕುಡಿಸುವವರಿಲ್ಲದಿರುವಾಗ ಸೂಕ್ಷ್ಮದರ್ಶಕ ಯಂತ್ರಕ್ಕೆ ದಕ್ಷಿಣೆ ಏತಕ್ಕೆ ಎಂದು ಕೇಳಿದೆನು. ಈ ಚರ್ಚೆಯು ನಮ್ಮ ಮನೆಯದಾದರೂ, ಇಂತಹ ಚರ್ಚೆ ನಡೆಯತಕ್ಕ ಮನೆಗಳು ದೇಶದಲ್ಲಿ ಬಹಳ ಇರುವುವು. 2023ರಲ್ಲಿ ಪ್ರಕಟವಾದ ಒಂದು ಗಣನೆಯ ಪ್ರಕಾರ ನಮ್ಮ ದೇಶದಲ್ಲಿ ಅರವತ್ತು ದಾಟಿದವರೊಳಗೆ ನೂರಕ್ಕೆ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಈ ಬುದ್ಧಿಕ್ಷಯವಿರುವುದು. ಪುರುಷರಿಗಿಂತ ಸ್ತ್ರೀಯರಲ್ಲಿ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಇದು ಹೆಚ್ಚು. ಆದುದರಿಂದ ನಾನು ಹಟವನ್ನು ಸ್ವಲ್ಪ ಸಡಿಲಿಸಿ, ಇಂತಹ ದಾನದ ಪೂರ್ವೋತ್ತರಗಳನ್ನು ವಿಚಾರಿಸತೊಡಗಿದೆನು.

ವಿಚಾರಿಸಿದಾಗ ಮೊದಲು ಕಂಡುದು ಒಂದು ಸೋಜಿಗ. ಈ ರೋಗದ ಶಾಸ್ತ್ರವು ಹುಟ್ಟಿದುದೇ ಬಹುಮಟ್ಟಿಗೆ ಖಾಸಗಿ ಹಣದ ಆಶ್ರಯದಲ್ಲಿ! 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಆಗುಸ್ಟೆ ಎಂಬ 51 ವರ್ಷದ ಹೆಂಗಸನ್ನು ಕರೆತಂದರು. ಅವಳನ್ನು ಪರೀಕ್ಷಿಸಿದ ವೈದ್ಯನೇ ಆಲೋಯಿಸ್ ಆಲ್‌ಝೈಮರ್. ಮುಂದೆ ಅವನು ಮ್ಯೂನಿಕ್ಕಿಗೆ ಹೋಗಿ ಕ್ರೇಪೆಲಿನ್ ಎಂಬ ಆಚಾರ್ಯನ ಕೈಕೆಳಗೆ ಸೇರಿದಾಗ ಕೆಲವು ಕಾಲ ಸಂಬಳವಿಲ್ಲದೆಯೇ ದುಡಿದನು. ತೀರಿಹೋಗಿದ್ದ ಶ್ರೀಮಂತ ಪತ್ನಿಯ ಆಸ್ತಿಯು ಅವನ ಜೀವನಕ್ಕೆ ಆಧಾರವಾಗಿದ್ದಿತು. 1906ರಲ್ಲಿ ಆಗುಸ್ಟೆಯು ಸತ್ತ ಮೇಲೆ ಅವಳ ಮೆದುಳಿನಲ್ಲಿ ಕಂಡ ಕಲೆಗಳನ್ನೂ ಸಿಕ್ಕುಗಟ್ಟಿದ ತಂತುಗಳನ್ನೂ ಅವನು ಟ್ಯೂಬಿಂಗನ್ನಿನ ಪಂಡಿತರ ಸಭೆಯಲ್ಲಿ ವರ್ಣಿಸಿದಾಗ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಂತೆ. 1910ರಲ್ಲಿ ಕ್ರೇಪೆಲಿನ್ನನು ತನ್ನ ಗ್ರಂಥದಲ್ಲಿ ಈ ರೋಗಕ್ಕೆ ಶಿಷ್ಯನ ಹೆಸರನ್ನಿಟ್ಟನು. ಅದೇ ಕ್ರೇಪೆಲಿನ್ನನು 1917ರಲ್ಲಿ ಮಾನಸಿಕ ರೋಗಗಳಿಗಾಗಿ ಸಂಶೋಧನಾಲಯವನ್ನು ತೆರೆದುದು ಜೇಮ್ಸ್ ಲೋಬ್ ಎಂಬ ಅಮೆರಿಕದ ಧನಿಕನ ದೊಡ್ಡ ಕೊಡುಗೆಯಿಂದ. ಗ್ರೀಕ್ ಮತ್ತು ಲ್ಯಾಟಿನ್ ಗ್ರಂಥಗಳನ್ನು ಎದುರುಬದಿರು ಭಾಷಾಂತರದೊಡನೆ ಅಚ್ಚು ಹಾಕಿಸುವ ಪ್ರಸಿದ್ಧ ಗ್ರಂಥಮಾಲೆಯನ್ನು ಸ್ಥಾಪಿಸಿದವನೂ ಈತನೇ. ಹಳೆಯ ಪುಸ್ತಕಗಳಲ್ಲಿ ಮುಳುಗಿದ ನನ್ನಂಥವನಿಗೆ ಈತನ ಮೇಲೆ ಸ್ವಲ್ಪ ಪಕ್ಷಪಾತವುಂಟಾದರೆ ವಾಚಕರು ಕ್ಷಮಿಸಬೇಕು.

ದೂರದ ಮಾತು ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೇ ದಾನದಿಂದ ಹುಟ್ಟಿದುದು: ಜಮ್‌ಶೇಟ್‌ಜಿ ಟಾಟಾರವರ ಹಣ, ಮೈಸೂರು ಸಂಸ್ಥಾನದ 371 ಎಕರೆ ಭೂಮಿ. ಅದೇ ಆವರಣದಲ್ಲಿ ಈಗ ಮಿದುಳು ಸಂಶೋಧನಾ ಕೇಂದ್ರವೊಂದಿದೆ. ಇನ್‌ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಮತ್ತು ಅವರ ಪತ್ನಿ ಸುಧಾ ಅವರು ತಮ್ಮ ಪ್ರತೀಕ್ಷಾ ಟ್ರಸ್ಟಿನ ಮೂಲಕ ಇದಕ್ಕೆ 2014ರಲ್ಲಿ ಹತ್ತು ವರ್ಷಗಳಿಗೆ 225 ಕೋಟಿ ರೂಪಾಯಿಗಳನ್ನು ಕೊಡಲೊಪ್ಪಿದರು. 2023ರಲ್ಲಿ ಮುಂದಿನ ಹತ್ತು ವರ್ಷಗಳಿಗೆ 450 ಕೋಟಿ ಎಂದರು. ಇಲ್ಲಿ ಕೋಟಿಗಳಿಗಿಂತಲೂ ‘ಹತ್ತು ವರ್ಷ’ ಎಂಬ ಮಾತನ್ನು ಗಮನಿಸಬೇಕು. ಸಾಧಾರಣವಾಗಿ ಸಂಶೋಧಕರಿಗೆ ದೊರೆಯುವ ಸಹಾಯಧನ ಮೂರು ವರ್ಷ, ಹೆಚ್ಚೆಂದರೆ ಐದು ವರ್ಷದ್ದು. ಮರೆವಿನ ರೋಗವಾದರೋ ಲಕ್ಷಣಗಳು ತೋರುವುದಕ್ಕೆ ಹತ್ತು ಹದಿನೈದು ವರ್ಷಗಳ ಮೊದಲೇ ಮಿದುಳಿನಲ್ಲಿ ಬೀಡುಬಿಟ್ಟಿರುತ್ತದೆ. ಮೂರು ವರ್ಷದ ಹಣದಿಂದ ಅದರ ಬೆನ್ನುಹತ್ತುವುದೆಂದರೆ, ಮಾವಿನ ಓಟೆಯನ್ನು ನೆಟ್ಟು ಮುಂದಿನ ಶುಕ್ರವಾರ ಹಣ್ಣನ್ನು ಬೇಡಿದ ಹಾಗೆ.

ಮಾವಿನ ಮಾತು ಸುಮ್ಮನೆ ಬರಲಿಲ್ಲ. ಈ ಕೇಂದ್ರದವರು ತಮ್ಮ ಮುಖ್ಯ ಪರಿಶೀಲನೆಗೆ ಆರಿಸಿಕೊಂಡುದು ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕನ್ನು. ಅಲ್ಲಿನ ಹಳ್ಳಿಗಳ 45 ವರ್ಷ ದಾಟಿದ, ಬುದ್ಧಿಯು ನೆಟ್ಟಗಿರುವ ಹತ್ತು ಸಾವಿರ ಮಂದಿಯನ್ನು ಸೇರಿಸಿಕೊಂಡು ವರ್ಷಾನುವರ್ಷ ಅವರನ್ನು ಹಿಂಬಾಲಿಸಿ ನೋಡುವುದು ಅವರ ಉದ್ದೇಶ. ಬೆಂಗಳೂರು ಪಟ್ಟಣದ ಸಾವಿರ ಮಂದಿಯ ಜತೆ ಪರಿಶೀಲನೆಗೆ ಟಾಟಾ ಟ್ರಸ್ಟ್‌ನವರು ಹಣವನ್ನಿತ್ತಿದ್ದಾರೆ. ರಕ್ತಪರೀಕ್ಷೆ, ಮಿದುಳಿನ ಚಿತ್ರ, ವಂಶಾಣುಗಳ ಪರೀಕ್ಷೆ, ಜ್ಞಾಪಕದ ಪರೀಕ್ಷೆ ಎಲ್ಲವೂ ಉಂಟು. ‘ತಂಡ’ ಎಂಬ ಮಾತಿನ ಅರ್ಥವು ನನಗೆ ತಿಳಿದುದು ಇಲ್ಲಿ. ವೈದ್ಯನೊಬ್ಬನಿಂದ ಏನೂ ಸಾಗದು. ರಕ್ತ ತೆಗೆಯುವವರು, ಮನಶ್ಶಾಸ್ತ್ರಜ್ಞರು, ಗಣಿತಜ್ಞರು, ಹಳ್ಳಿಯ ಮನೆಬಾಗಿಲಿಗೆ ಹೋಗಿ ‘ಅಮ್ಮಾ, ಈ ವರ್ಷವೂ ಬರಬೇಕು’ ಎಂದು ವಿನಯದಿಂದ ಕರೆಯುವವರು ಎಲ್ಲರೂ ಬೇಕು. ಈ ಕೊನೆಯವರ ಸಂಬಳವು ಒಂದು ವರ್ಷ ನಿಂತರೆ, ಆ ವರೆಗಿನ ವರ್ಷಗಳ ಲೆಕ್ಕವೆಲ್ಲ ಹರಿದ ದಾರದಂತಾಗುವುದು. ಕಟ್ಟಡಕ್ಕೆ ಹೆಸರು ಕೆತ್ತಿಸಿಕೊಳ್ಳಲು ದಾನಿಗಳು ಸಿಕ್ಕಾರು. ಮನೆಮನೆಗೆ ತಿರುಗುವ ಆ ಹುಡುಗಿಯ ಬಸ್ಸಿನ ಖರ್ಚಿಗೆ ಯಾವ ದಾನಿಯೂ ಶಿಲಾಶಾಸನವನ್ನು ಕೇಳುವುದಿಲ್ಲ.

ಜ್ಞಾಪಕದ ಪರೀಕ್ಷೆಯ ವಿಷಯವಾಗಿ ಹಳೆಯ ಉಪಾಧ್ಯಾಯನಾದ ನಾನು ಎರಡು ಮಾತನ್ನು ಹೆಚ್ಚಾಗಿ ಹೇಳಲೇಬೇಕು. ಪಾಶ್ಚಾತ್ಯ ದೇಶದಲ್ಲಿ ಹುಟ್ಟಿದ ಪ್ರಶ್ನಾವಳಿಯಲ್ಲಿ ತಾರೀಖನ್ನು ಹೇಳು, ಒಂದು ವಾಕ್ಯವನ್ನು ಬರೆ, ಈ ಬರಹವನ್ನು ಓದಿ ಅದರಂತೆ ಮಾಡು ಎಂದಿರುತ್ತದೆ. ಅಕ್ಷರವನ್ನೇ ಕಲಿಯದ ಮುದುಕಿಯು ಇದರಲ್ಲಿ ಸೋತರೆ ಅದು ರೋಗವೋ, ಅವಳನ್ನು ಶಾಲೆಗೆ ಕಳುಹಿಸದ ಊರಿನ ತಪ್ಪೋ? ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಪರಿಶೋಧಿಸಿದವರು 1995ರಲ್ಲಿ ಪ್ರಕಟಿಸಿದ ಹಿಂದೀ ಪ್ರಶ್ನಾವಳಿಯಲ್ಲಿ ಇದಕ್ಕೆ ಬಹಳ ಸೊಗಸಾದ ಉಪಾಯವನ್ನು ಕಂಡುಹಿಡಿದಿದ್ದರು. ಬರೆ ಎನ್ನುವುದಕ್ಕೆ ಬದಲು ‘ನಿಮ್ಮ ಮನೆಯ ವಿಷಯ ಏನಾದರೂ ಹೇಳಿ’ ಎಂದು ಕೇಳುವುದು. ಓದು ಎನ್ನುವುದಕ್ಕೆ ಬದಲು ಪರೀಕ್ಷಕನೇ ಕಣ್ಣು ಮುಚ್ಚಿ ‘ನಾನು ಮಾಡಿದಂತೆ ಮಾಡಿ’ ಎನ್ನುವುದು. ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಪ್ರಶ್ನಪತ್ರಿಕೆಗಳನ್ನು ತಯಾರಿಸಿದವನು ನಾನು. ಇಷ್ಟು ನ್ಯಾಯವಾದ ಪ್ರಶ್ನೆಯನ್ನು ಒಂದನ್ನಾದರೂ ಹಾಕಿದ್ದೆನೇ ಎಂಬುದು ಸಂದೇಹ. ಇಂತಹ ಕೆಲಸವನ್ನು ನಮ್ಮ ಭಾಷೆಗಳಲ್ಲಿ ನಮ್ಮವರೇ ಮಾಡಬೇಕು. ಹೊರದೇಶದ ಧರ್ಮನಿಧಿಯು ಇದನ್ನು ಮಾಡಿಕೊಡಲೆಂದು ಕಾದಿರಲಾಗದು.

ಹಾಗೆಂದು ಕೊಟ್ಟುದೆಲ್ಲ ಸತ್ಪಾತ್ರವನ್ನೇ ಸೇರುತ್ತದೆಂದು ನಾನು ಹೇಳುವುದಿಲ್ಲ. ‘ಆರು ತಿಂಗಳಲ್ಲಿ ಗುಣ’ ಎಂದು ಆಶೆ ತೋರಿಸಿ ಕೈಚಾಚುವವನಿಗೆ ಒಂದು ಕಾಸನ್ನೂ ಕೊಡಬಾರದು. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಮನ್ನಣೆ ಪಡೆದ ಔಷಧವೂ ಸಹ ರೋಗದ ಆರಂಭದಲ್ಲಿ ಅದರ ಗತಿಯನ್ನು ಸ್ವಲ್ಪ ನಿಧಾನಿಸುತ್ತದೆಯೇ ಹೊರತು ಹೋದ ಜ್ಞಾಪಕವನ್ನು ತಂದುಕೊಡುವುದಿಲ್ಲ. ಅರ್ಜಿಗಳನ್ನು ಯಾರು ತೂಗುತ್ತಾರೆ, ನಿಷ್ಫಲವಾದ ಪ್ರಯೋಗಗಳನ್ನೂ ಪ್ರಕಟಿಸುತ್ತಾರೆಯೇ, ಹಣದ ಲೆಕ್ಕವೆಲ್ಲಿ ಎಂದು ಕೇಳುವುದು ದಾನಿಯ ಹಕ್ಕು. ಇಂಗ್ಲೆಂಡಿನ ಆಲ್‌ಝೈಮರ್ ಸೊಸೈಟಿಯವರ ಪದ್ಧತಿ ನನಗೆ ಬಹಳ ಹಿಡಿಸಿತು. ಅಲ್ಲಿ ಸಹಾಯಧನದ ಅರ್ಜಿಗಳನ್ನು ಪಂಡಿತರು ನೋಡುವುದಲ್ಲದೆ, ರೋಗಿಗಳೂ ಅವರ ಆರೈಕೆ ಮಾಡಿದ ಸಾಮಾನ್ಯ ಸಂಸಾರಸ್ಥರೂ ಓದಿ ಅಭಿಪ್ರಾಯವನ್ನು ಹೇಳುತ್ತಾರೆ. ರಾತ್ರಿಯಿಡೀ ಬಾಗಿಲ ಚಿಲಕವನ್ನು ಕಾದ ಹೆಂಗಸಿಗೆ ಯಾವ ಪ್ರಶ್ನೆಯು ಮುಖ್ಯವೆಂಬುದು ಪ್ರೊಫೆಸರರಿಗಿಂತ ಚೆನ್ನಾಗಿ ತಿಳಿದಿರುತ್ತದೆ.

ಇದನ್ನು ಓದಿದ ಮೇಲೆಯೇ ನನಗೆ ನಾಚಿಕೆಯಾಯಿತು. ವಾದವೆಲ್ಲ ನಮ್ಮಿಬ್ಬರೊಳಗೆ ನಡೆದಿತ್ತೇ ಹೊರತು ಅತ್ತಿಗೆಯವರನ್ನು ಯಾರೂ ಕೇಳಿಯೇ ಇರಲಿಲ್ಲ. ಕೇಳಿದಾಗ ಅವರು ಅವರೆಕಾಯಿ ಸುಲಿಯುತ್ತಿದ್ದರು. ತಲೆಯೆತ್ತದೆ ಹೇಳಿದರು: ‘ಏಳು ವರ್ಷ ನಾನು ಕೇಳಿದ್ದು ಒಂದೇ. ಇವರಿಗೆ ಇದು ಏಕೆ ಬಂತು? ನಾನು ಅಡಿಗೆಯಲ್ಲಿ ಏನಾದರೂ ತಪ್ಪು ಮಾಡಿದೆನೇ? ಯಾರೂ ಹೇಳಲಿಲ್ಲ. ಹೇಳಬಲ್ಲವರು ಮುಂದಾದರೂ ಹುಟ್ಟಲಿ.’ 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಪಂಡಿತಮಂಡಲಿಯು ರಕ್ತದ ಒತ್ತಡ, ಸಕ್ಕರೆ ರೋಗ, ಕಿವುಡು, ವಿದ್ಯೆಯಿಲ್ಲದಿರುವುದು ಮೊದಲಾದ ಹದಿನಾಲ್ಕು ಕಾರಣಗಳನ್ನು ಹೇಳಿರುವುದನ್ನೂ, ಇವನ್ನು ತಡೆದರೆ ಸುಮಾರು ಅರ್ಧದಷ್ಟು ರೋಗವನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದೆಂಬುದನ್ನೂ ನಾನು ಅವರಿಗೆ ತಿಳಿಸಿದೆನು. ಅಣ್ಣನವರಿಗೆ ಹತ್ತು ವರ್ಷದಿಂದ ಎಡಗಿವಿ ಕೇಳುತ್ತಿರಲಿಲ್ಲ. ಅತ್ತಿಗೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಡಿಗೆ ಅಲ್ಲವಲ್ಲ’ ಎಂದರು.

ಕೊನೆಗೆ ಹಣದ ಮುಕ್ಕಾಲು ಪಾಲು ಸಂಶೋಧನೆಗೆ ಹೋಯಿತು. ಉಳಿದ ಕಾಲುಭಾಗದಿಂದ ಪಕ್ಕದ ಬೀದಿಯ ಒಬ್ಬ ಮುದುಕಮ್ಮನ ಆರೈಕೆಗೆ ಹಗಲು ಹೊತ್ತು ಒಬ್ಬ ಹೆಣ್ಣಾಳನ್ನು ಗೊತ್ತುಮಾಡಿದೆವು. ಆಕೆಯ ಮಗಳು ಈಗ ವಾರಕ್ಕೆರಡು ದಿನವಾದರೂ ಮಧ್ಯಾಹ್ನ ಮಲಗುತ್ತಾಳೆ. ಪಾಲು ಅರ್ಧರ್ಧವಾದರೂ ಆಗಬೇಕಾಗಿತ್ತೆಂದು ನನಗೆ ಈಗಲೂ ತೋರುತ್ತದೆ. ಅತ್ತಿಗೆಯವರಿಗೆ ಹೇಳಿಲ್ಲ.