ಅದು ಹಚ್ಚೆ, ಇದು ಟ್ಯಾಟೂ

ಅಕ್ಕ ಮಗನ ಜೊತೆ ಮಾತು ಬಿಟ್ಟು ಒಂಬತ್ತು ದಿನವಾಗಿತ್ತು. ವಿಕ್ರೋಳಿಯ ಕನ್ನಮ್‌ವಾರ್ ನಗರದ ಒಂದು ರೂಮು, ಒಂದು ಅಡುಗೆಮನೆಯ ಜಾಗದಲ್ಲಿ ತಾಯಿ ಮಗ ಇಬ್ಬರೇ ಇದ್ದು ಒಂಬತ್ತು ದಿನ ಮಾತಿಲ್ಲದೆ ಕಳೆಯುವುದು ಸುಲಭವಲ್ಲ. ಪಾತ್ರೆಯನ್ನು ಜೋರಾಗಿ ಕುಕ್ಕಿದರೆ ಊಟಕ್ಕೆ ಬಾ ಎಂದರ್ಥ. ದೀಪ ಆರಿಸಿದರೆ ಮಲಗು ಎಂದರ್ಥ. ಕೊನೆಗೆ ಹತ್ತನೇ ದಿನ, ಭಾನುವಾರ ಬೆಳಿಗ್ಗೆ, ನನಗೆ ಫೋನ್ ಬಂತು. "ಬಂದು ನಿನ್ನ ಅಳಿಯನಿಗೆ ಬುದ್ಧಿ ಹೇಳು."

ನಾನಿರುವುದು ರೈಲು ಹಳಿಯ ಈಚೆ, ಪಾರ್ಕ್‌ಸೈಟಿನಲ್ಲಿ. ಬಲಿಪೂಜೆ ಮುಗಿಸಿ ನೇರ ಅಲ್ಲಿಗೇ ಹೋದೆ.

ಹುಡುಗನಿಗೆ ಇಪ್ಪತ್ತು ವರ್ಷ. ಬಲ ಮುಂಗೈ ಮೇಲೆ ಟ್ಯಾಟೂ ಹಾಕಿಸಿಕೊಂಡಿದ್ದ. ಹುಲಿಯೋ ಸಿಂಹವೋ ಅಲ್ಲ, ಅವನಪ್ಪನ ಸಹಿ. ನಮ್ಮ ಬಾವ ತೀರಿಕೊಂಡು ಎರಡು ವರ್ಷವಾಯಿತು. ಮೂವತ್ತು ವರ್ಷ ಮುಂಬೈಯಲ್ಲಿ ದುಡಿದರೂ ಅವರು ಸಹಿ ಹಾಕುತ್ತಿದ್ದುದು ಕನ್ನಡದಲ್ಲೇ. ಮಗನ ಶಾಲೆಯ ಪ್ರಗತಿಪತ್ರದ ಮೇಲಿದ್ದ ಸಹಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಟ್ಯಾಟೂ ಅಂಗಡಿಗೆ ಕೊಟ್ಟಿದ್ದಾನೆ. ಇಂಗ್ಲಿಷ್ ಮೀಡಿಯಮ್ಮಿನ ಹುಡುಗ, ಕನ್ನಡ ಓದಲು ಬರುವುದಿಲ್ಲ. ಕೈಮೇಲೆ ಮಾತ್ರ ಕನ್ನಡ.

"ಫ್ಯಾಶನ್‌ಗೆ ಏನಾದ್ರೂ ಹಾಕಿಸ್ಕೊಂಡಿದ್ರೆ ಬೈದು ಸುಮ್ಮನಾಗ್ತಿದ್ದೆ," ಅಂದಳು ಅಕ್ಕ. "ಇವನು ಸತ್ತೋರಿಗೋಸ್ಕರ ಹಾಕಿಸ್ಕೊಂಡಿದ್ದಾನೆ. ಬೈಬಲಿನಲ್ಲಿ ಇದನ್ನೇ ಬೇಡ ಅಂದಿರೋದು. ಅವರ ಆತ್ಮಕ್ಕೆ ಏನಾದ್ರೂ ಆದ್ರೆ ಯಾರು ಹೊಣೆ?"

ಅವಳ ಬೆರಳು ಯಾಜಕಕಾಂಡ 19ನೇ ಅಧ್ಯಾಯದ 28ನೇ ವಚನದ ಮೇಲಿತ್ತು. ಸತ್ತವರಿಗಾಗಿ ಮೈ ಕೊಯ್ದುಕೊಳ್ಳಬಾರದು, ಹಚ್ಚೆ ಚುಚ್ಚಿಸಿಕೊಳ್ಳಬಾರದು ಎಂಬುದು ಅದರ ಸಾರ. ಕೋಪ ಎಂದು ನಾನು ತಿಳಿದಿದ್ದು ಕೋಪವಲ್ಲ, ಭಯ ಎಂದು ಆಗ ಗೊತ್ತಾಯಿತು.

ಆ ಭಯವನ್ನು ನಗೆಯಾಡಿ ತಳ್ಳಿಹಾಕುವಂತಿರಲಿಲ್ಲ. ಕೂತು ಇಡೀ ಅಧ್ಯಾಯ ಓದಿದೆವು. ಅದೇ ಅಧ್ಯಾಯದ 19ನೇ ವಚನ ಎರಡು ಬಗೆಯ ನೂಲಿನ ಬಟ್ಟೆ ತೊಡಬೇಡ ಅನ್ನುತ್ತದೆ. ನಾನು ತೊಟ್ಟಿದ್ದ ಅಂಗಿ ಕಾಟನ್-ಪಾಲಿಯೆಸ್ಟರ್. 27ನೇ ವಚನ ಗಡ್ಡದ ಅಂಚು ಕತ್ತರಿಸಬೇಡ ಅನ್ನುತ್ತದೆ. ನಾನು ಬೆಳಿಗ್ಗೆಯೇ ಗಡ್ಡ ಹೆರೆದು ಬಂದಿದ್ದೆ. ಆ ಕಾಲದಲ್ಲಿ ಇಸ್ರಯೇಲರ ಸುತ್ತಲಿನ ಜನ ದೇವತೆಗಳನ್ನು ಒಲಿಸಲು, ಸತ್ತವರಿಗಾಗಿ ಗೋಳಾಡಲು ಮೈ ಗೀರಿಕೊಳ್ಳುತ್ತಿದ್ದರು. ಬಾಳನ ಅರ್ಚಕರು ಕತ್ತಿಯಿಂದ ಕೊಯ್ದುಕೊಂಡ ಕಥೆ ಅರಸುಗಳ ಮೊದಲ ಗ್ರಂಥದ 18ನೇ ಅಧ್ಯಾಯದಲ್ಲಿದೆ. ನೀವು ಅವರಂತಾಗಬೇಡಿ ಎಂದು ಮೋಶೆಯ ಧರ್ಮಶಾಸ್ತ್ರ ಹೇಳಿತು.

13ನೇ ಶತಮಾನದ ಸಂತ ತೋಮಸ್ ಅಕ್ವಿನಾಸರು ಹಳೆಯ ಒಡಂಬಡಿಕೆಯ ವಿಧಿಗಳನ್ನು ಮೂರಾಗಿ ವಿಂಗಡಿಸಿದರು: ನೀತಿಯವು, ಆಚರಣೆಯವು, ನ್ಯಾಯತೀರ್ಮಾನದವು. ನೀತಿಯ ವಿಧಿಗಳು ಎಂದಿಗೂ ಉಳಿಯುತ್ತವೆ. ಉಳಿದೆರಡು ಕ್ರಿಸ್ತರ ನಂತರ ನಮ್ಮನ್ನು ಕಟ್ಟಿಹಾಕುವುದಿಲ್ಲ. ಹಚ್ಚೆಯ ವಚನವನ್ನು ಇಂದಿಗೂ ಕಟ್ಟುಪಾಡು ಎಂದು ಕಥೋಲಿಕ ಧರ್ಮಸಭೆ ಬೋಧಿಸುವುದಿಲ್ಲ. 1992ರಲ್ಲಿ ಬಂದ ಧರ್ಮೋಪದೇಶ ಗ್ರಂಥದಲ್ಲಿ ಹಚ್ಚೆಯ ಹೆಸರೇ ಇಲ್ಲ. ಎಂಟನೇ ಶತಮಾನದಷ್ಟು ಹಿಂದೆಯೇ ಇಂಗ್ಲೆಂಡಿನ ನಾರ್ಥಂಬ್ರಿಯಾದಲ್ಲಿ ಸೇರಿದ ಸಭೆ, ಅನ್ಯದೇವತೆಗಳ ಹೆಸರಿನ ಹಚ್ಚೆಯನ್ನು ಖಂಡಿಸಿತು, ದೇವರಿಗಾಗಿ ಆ ನೋವು ಉಂಡವರ ಮಾತು ಬೇರೆ ಎಂದಿತು. ತುರ್ಕರ ಆಳ್ವಿಕೆಯ ಬೋಸ್ನಿಯಾದಲ್ಲಿ ಕಥೋಲಿಕ ತಾಯಂದಿರು ಹೆಣ್ಣುಮಕ್ಕಳ ಕೈಮೇಲೆ ಶಿಲುಬೆಯ ಹಚ್ಚೆ ಹಾಕುತ್ತಿದ್ದರು. ಜೆರುಸಲೇಮಿಗೆ ಹೋದ ಯಾತ್ರಿಕರು ಹಚ್ಚೆ ಹಾಕಿಸಿಕೊಂಡು ಬರುವ ರೂಢಿ ಇಂದಿಗೂ ಇದೆ. 2018ರ ಮಾರ್ಚ್‌ನಲ್ಲಿ ರೋಮಿನಲ್ಲಿ ಯುವಜನರೊಂದಿಗೆ ಮಾತಾಡುತ್ತ ಪೋಪ್ ಫ್ರಾನ್ಸಿಸರು, ಹಣೆಯ ಮೇಲೆ ಶಿಲುಬೆ ಚುಚ್ಚಿಸಿಕೊಳ್ಳುವ ಎರಿಟ್ರಿಯಾದ ಕ್ರೈಸ್ತರನ್ನು ನೆನೆದು, ಹಚ್ಚೆಗೆ ಹೆದರಬೇಡಿ, ಅತಿ ಮಾಡುವುದು ಮಾತ್ರ ತೊಂದರೆ ಎಂಬರ್ಥದ ಮಾತು ಹೇಳಿದ್ದರು.

"ಅಷ್ಟು ದೂರ ಯಾಕೆ? ನಮ್ಮಜ್ಜಿ ಕೈ ಮರೆತುಹೋಯ್ತಾ?" ಅಂದೆ.

ಹಾಸನದ ಕಡೆಯ ನಮ್ಮಜ್ಜಿಯ ಮುಂಗೈ ಮೇಲೆ ಹಸಿರು ಶಿಲುಬೆ ಇತ್ತು, ಸುತ್ತ ನಾಲ್ಕು ಚುಕ್ಕಿ. ಮದುವೆಗೆ ಮೊದಲು ಕೊರವಂಜಿ ಮನೆ ಬಾಗಿಲಿಗೆ ಬಂದು ಹಾಕಿದ್ದಂತೆ, ಎರಡು ಸೇರು ರಾಗಿಗೆ. ಸತ್ತಾಗ ಜೊತೆಗೆ ಬರೋದು ಇದೊಂದೇ ಕಣ್ರೋ ಅನ್ನುತ್ತಿದ್ದಳು. ಅದೇ ಕೈಯಲ್ಲಿ ದಿನಾ ಸಂಜೆ ಜಪಮಾಲೆ ಹಿಡಿಯುತ್ತಿದ್ದಳು.

"ಅದು ಹಚ್ಚೆ. ಇದು ಟ್ಯಾಟೂ," ಅಂದಳು ಅಕ್ಕ.

ನಗು ಬಂತು. ಆದರೆ ನಮ್ಮಲ್ಲಿ ಎಷ್ಟೋ ಜನರ ನಿಲುವು ಇದೇ ಅಲ್ಲವೇ? ಹಳ್ಳಿಯಲ್ಲಿ ಸೂಜಿ ಹಿಡಿದದ್ದು ಸಂಪ್ರದಾಯ, ಮಾಲಿನಲ್ಲಿ ಮೆಷಿನ್ ಹಿಡಿದರೆ ಪಾಪ. ಕಿವಿ ಮೂಗಿನ ಕಥೆಯೂ ಹಾಗೆಯೇ. ಅಕ್ಕನ ಕಿವಿ ಚುಚ್ಚಿಸಿದಾಗ ಅವಳಿಗೆ ಒಂದು ವರ್ಷವೂ ತುಂಬಿರಲಿಲ್ಲ. ಯಾರೂ ಅವಳನ್ನು ಕೇಳಲಿಲ್ಲ, ಯಾವ ಪಾದ್ರಿಯೂ ಬೇಡ ಅನ್ನಲಿಲ್ಲ. ಆದಿಕಾಂಡದ 24ನೇ ಅಧ್ಯಾಯದಲ್ಲಿ ರೆಬೆಕ್ಕಳಿಗೆ ಬಂದ ಉಡುಗೊರೆ ಚಿನ್ನದ ಮೂಗುತಿ. ಇದೇ ಹುಡುಗ ಹುಬ್ಬಿಗೆ ಬಳೆ ಸಿಕ್ಕಿಸಿಕೊಂಡು ಬಂದಿದ್ದರೆ ನಾವು ರೆಬೆಕ್ಕಳನ್ನು ನೆನೆಯುತ್ತಿದ್ದೆವೇ?

ಹಾಗಂತ ಏನು ಬೇಕಾದರೂ ಮಾಡಬಹುದು ಅಂತಲ್ಲ. ದೇಹ ಪವಿತ್ರಾತ್ಮರ ದೇಗುಲ ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದರು. ದೇಹವನ್ನು ದೇಗುಲವೆನ್ನುವುದು ಕನ್ನಡದವರಿಗೆ ಹೊಸ ಮಾತೇನಲ್ಲ. ದೇಗುಲದ ಗೋಡೆಗೆ ಚಿತ್ರ ಬರೆಯಬಹುದು, ಏನು ಬರೆಯುತ್ತೇವೆ ಎಂಬುದು ಮುಖ್ಯ. ಅಶ್ಲೀಲವಾದದ್ದು, ದ್ವೇಷ ಕಕ್ಕುವುದು, ಸೈತಾನನನ್ನು ಮೆರೆಸುವುದು ಹಚ್ಚೆಯಾದರೂ ತಪ್ಪು, ಟೀ ಶರ್ಟಿನ ಮೇಲಿದ್ದರೂ ತಪ್ಪು. ಧರ್ಮೋಪದೇಶದ 2289ನೇ ಕಂಡಿಕೆ ದೇಹವನ್ನೇ ಪೂಜಿಸುವುದನ್ನು ತಿರಸ್ಕರಿಸುತ್ತದೆ. 2297ನೆಯದು ಚಿಕಿತ್ಸೆಗಲ್ಲದೆ ಅಂಗ ಊನ ಮಾಡುವುದನ್ನು ತಪ್ಪು ಎನ್ನುತ್ತದೆ. ಕಿವಿಯ ತೂತು ಅದಕ್ಕೆ ಸೇರುವುದಿಲ್ಲ, ಫ್ಯಾಶನ್‌ಗೆಂದು ನಾಲಿಗೆ ಸೀಳಿಸಿಕೊಳ್ಳುವುದನ್ನು ಹಾಗೆನ್ನಲಾಗದು. ಆರೋಗ್ಯ ಕಾಪಾಡಿಕೊಳ್ಳುವುದೂ ಧರ್ಮದ ಮಾತೇ. ಹಳೆ ಸೂಜಿಯಿಂದ ಹೆಪಟೈಟಿಸ್ ಬರಬಹುದು. ನಮ್ಮ ದೇಶದ ನಿಯಮದಂತೆ ಹಚ್ಚೆ ಹಾಕಿಸಿಕೊಂಡವರು ಒಂದು ವರ್ಷ ರಕ್ತ ಕೊಡುವಂತಿಲ್ಲ.

ಇಷ್ಟೆಲ್ಲ ಕೇಳುತ್ತ ಅಳಿಯ ಗೆದ್ದವನಂತೆ ಕೂತಿದ್ದ. ಅವನ ಮುಂದೆಯೂ ಅದೇ ಅಧ್ಯಾಯ ಹಿಡಿದೆ. 3ನೇ ವಚನ ತಾಯಿತಂದೆಯರಿಗೆ ಗೌರವ ಕೊಡು ಎನ್ನುತ್ತದೆ. ನೂಲಿನ ವಿಧಿ ಹೋಯಿತು, ಗಡ್ಡದ ವಿಧಿ ಹೋಯಿತು, ಇದು ಹೋಗಿಲ್ಲ. "ಅಪ್ಪನ ಹೆಸರು ಕೈಮೇಲೆ ಬರೆಸಿಕೊಳ್ಳುವಾಗ ಅಮ್ಮನಿಗೆ ಒಂದು ಮಾತು ಹೇಳಬೇಕು ಅನ್ನಿಸಲಿಲ್ವಾ?"

ಅವನು ತಲೆ ತಗ್ಗಿಸಿದ. "ಹೇಳಿದ್ರೆ ಅಳ್ತಾಳೆ ಅಂತ, ಮಾಮ. ಅಪ್ಪನ ಹೆಸರು ಎತ್ತಿದ್ರೆ ಅಳ್ತಾಳೆ. ಮನೇಲಿ ನಾವು ಆ ಹೆಸರೇ ಎತ್ತಲ್ಲ."

ಕೆಳಗೆ ಕಾಲೋನಿಯ ಮೈದಾನದಲ್ಲಿ ಹುಡುಗರ ಕ್ರಿಕೆಟ್ ಗಲಾಟೆ ಕೇಳಿಸುತ್ತಿತ್ತು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಯೆಶಾಯನ ಪ್ರವಾದನೆಯ 49ನೇ ಅಧ್ಯಾಯ ತೆಗೆದು ಅವಳ ಮುಂದಿಟ್ಟೆ. ಅಲ್ಲಿ ದೇವರು, ನಿನ್ನನ್ನು ನನ್ನ ಅಂಗೈಯಲ್ಲೇ ಕೆತ್ತಿಕೊಂಡಿದ್ದೇನೆ ಎಂಬ ಭರವಸೆ ಕೊಡುತ್ತಾರೆ, ಮರೆಯುವುದಿಲ್ಲ ಎನ್ನಲು. ಬಾವನ ಆತ್ಮಕ್ಕೆ ಸಹಿಯಿಂದ ಕೇಡಿಲ್ಲ, ಬೇಕಾಗಿರುವುದು ನಿಮ್ಮಿಬ್ಬರ ಪ್ರಾರ್ಥನೆ ಎಂದೆ.

ಅವಳು ಮಗನ ಕೈ ಎಳೆದುಕೊಂಡು ಮೊದಲ ಸಲ ಸರಿಯಾಗಿ ನೋಡಿದಳು. "ಕೊನೇ ಅಕ್ಷರಕ್ಕೆ ಹೀಗೇ ಉದ್ದ ಬಾಲ ಎಳೀತಿದ್ರು," ಅಂದಳು. ಅವನು ಯಾವುದು ಯಾವ ಅಕ್ಷರ ಎಂದು ಕೇಳಿದ. ಅವಳು ಬೆರಳಿಟ್ಟು ಒಂದೊಂದೇ ತೋರಿಸಿದಳು.

ಊಟಕ್ಕೆ ಕೂತಾಗ ಪಾತ್ರೆ ಕುಕ್ಕಲಿಲ್ಲ. ಬಾಯಿಬಿಟ್ಟೇ ಕರೆದಳು. ಹೊರಡುವಾಗ ಮಾತ್ರ ನನಗೆ ಕೇಳಿಸುವಂತೆ ಅವನಿಗೆ ಹೇಳಿದಳು: "ನನ್ನ ಕೇಳದೆ ಇನ್ನೊಂದು ಹಾಕಿಸ್ಕೊಂಡು ಬಂದ್ರೆ, ಆ ಕೈ ಮುರೀತೀನಿ."